ಕೊಟ್ರೇಶ ರ್ಯಾಮ್ ತಂದದ್ದು

ಶಿವನನ್ನು ನೆನೆದು ನಿಧಾನವಾಗಿ ಹೇಳುತ್ತೇನೆ, ಆತುರ ಮಾಡಬೇಡಿ. ಕೇಳುವವರಿಗೆ ಪುಣ್ಯ, ಹೇಳುವವನಿಗೆ ಒಂದು ಲೋಟ ಮಜ್ಜಿಗೆ ಸಾಕು.

ದಾವಣಗೆರೆ ಸೀಮೆಯ ಒಂದೂರಿನಲ್ಲಿ ಹಾಲಮ್ಮ ಎಂಬ ತಾಯಿ. ಅವಳಿಗೊಬ್ಬ ಮಗ, ಕೊಟ್ರೇಶ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು. ಮನಸ್ಸು ಬೆಣ್ಣೆಯಂಥದ್ದು. ಬುದ್ಧಿ ಬಡಿಸುವಾಗ ಮಾತ್ರ ದೇವರ ಕೈಯಿಂದ ಸೌಟು ಜಾರಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. "ಹಾಲು ಉಕ್ಕುತ್ತೆ, ನೋಡ್ತಿರು" ಅಂದರೆ ಉಕ್ಕಿ ಒಲೆ ಆರುವವರೆಗೂ ಕಣ್ತುಂಬ ನೋಡಿ, "ಉಕ್ತು ಅವ್ವಾ, ಚಂದಾಗಿ ಉಕ್ತು!" ಅನ್ನುವವನು.

ಮನೆಯ ಮುಂಭಾಗದಲ್ಲೇ ಹಾಲಮ್ಮನ ಜೆರಾಕ್ಸ್ ಅಂಗಡಿ. ಅಲ್ಲೊಂದು ಹಳೇ ಕಂಪ್ಯೂಟರು. ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು, ಅದರಲ್ಲೇ ಇಬ್ಬರ ಊಟ. ಆದರೆ ಕಂಪ್ಯೂಟರಿಗೆ ಮುಪ್ಪು ಬಂದಿತ್ತು. ಒಂದು ಪುಟ ತೆರೆಯುವಷ್ಟರಲ್ಲಿ ಗಿರಾಕಿ ಚಾ ಕುಡಿದು, ಎಲೆಅಡಿಕೆ ಹಾಕಿ, ಎದ್ದು ಹೋಗುತ್ತಿದ್ದ.

ಒಂದು ದಿನ ಹೈಸ್ಕೂಲಿನ ಹೆಡ್ಮಾಸ್ಟರು ಷಡಾಕ್ಷರಿಯವರು ಬಂದರು. "ನೋಡು ಹಾಲಮ್ಮಾ, ಬರೋ ಸೋಮವಾರ ಮಕ್ಕಳ ಪರೀಕ್ಷೆ ಅರ್ಜಿ ತರ್ತೀನಿ. ಅವತ್ತೇ ಎಲ್ಲಾ ತುಂಬಿ ಕಳಿಸಿದ್ರೆ ಶಾಲೆ ಕೆಲಸ ಪೂರಾ ನಿಂಗೆ. ಇಲ್ಲಾಂದ್ರೆ ಹರಿಹರಕ್ಕೆ ಒಯ್ತೀನಿ. ಬೇಜಾರ್ ಮಾಡ್ಕೋಬ್ಯಾಡ."

ಶಾಲೆಯ ಕೆಲಸ ಹೋದರೆ ಅಂಗಡಿಗೆ ಬೀಗವೇ.

ಹಾಲಮ್ಮ ಊರಿನ ರಿಪೇರಿ ರುದ್ರೇಶಿಯನ್ನು ಕರೆಸಿದಳು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಅವನು ಕುಂಟುತ್ತಾ ಬಂದು ಡಬ್ಬ ಬಿಚ್ಚಿದ. ಒಳಗಿಂದ ಅರ್ಧ ಗೇಣಿನ ಹಸಿರು ಪಟ್ಟಿಯೊಂದನ್ನು ತೋರಿಸಿದ. "ಅಕ್ಕಾ, ಇದು ರ್ಯಾಮ್. ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಖಾಲಿ ಐತೆ. ದಾವಣಗೆರೆಯಿಂದ ಇನ್ನೊಂದು ತರಿಸು, ನಾನು ಸಿಕ್ಕಿಸಿ ಕೊಡ್ತೀನಿ. ಹೊಸಾ ಕಂಪ್ಯೂಟರ್ ಯಾಕೆ? ಇದೇ ಕುದುರೆ ಹಂಗೆ ಓಡುತ್ತೆ!"

ಹಾಲಮ್ಮ ಅಂಗಡಿ ಬಿಡುವ ಹಾಗಿಲ್ಲ. ಮಗನನ್ನೇ ಕರೆದಳು. "ಕೊಟ್ರೇಶಾ, ರ್ಯಾಮ್ ತಗೊಂಡು ಬಾ. ಅಂಗಡಿಯಲ್ಲಿ ಎಲ್ಲದಕ್ಕಿಂತ ಅಗ್ಗದ್ದು ಯಾವ್ದೋ ಅದನ್ನೇ ತಾ."

"ಆಗ್ಲವ್ವಾ!"

ಬಸ್ಸಿನ ತುಂಬ ಒಂದೇ ಜಪ: ಅಗ್ಗದ್ದು, ಅಗ್ಗದ್ದು, ಅಗ್ಗದ್ದು. ಅಂಗಡಿಯವನು ಕೇಳಿದ, "ಯಾವ ಕಂಪ್ಯೂಟರ್‌ಗೆ?"

"ಅಗ್ಗದ್ದು!"

"ಅದಲ್ಲಪ್ಪಾ, ಟೇಬಲ್ ಮೇಲಿಡೋದಕ್ಕೋ, ಮಡಚೋ ಲ್ಯಾಪ್‌ಟಾಪಿಗೋ?"

"ಅಗ್ಗದ್ದಕ್ಕೆ!"

ಅಂಗಡಿಯವನು ಸೋತು ಎಲ್ಲಕ್ಕಿಂತ ಅಗ್ಗದ್ದನ್ನು ಕೊಟ್ಟ. ಕೊಟ್ರೇಶ ಕುಣಿಯುತ್ತಾ ತಂದ. ರುದ್ರೇಶಿ ಹಿಡಿದು ನೋಡಿದರೆ ಅದು ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿ. ಜಾಗದಲ್ಲಿಟ್ಟರೆ ಅಪ್ಪನ ಚಪ್ಪಲಿಯಲ್ಲಿ ಕೂಸಿನ ಕಾಲಿಟ್ಟ ಹಾಗೆ!

ಹಾಲಮ್ಮ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ನನ್ನ ಕರ್ಮವೇ! ಹಳೇದನ್ನ ಕೈಯಲ್ಲಿ ಹಿಡ್ಕೊಂಡು ಹೋಗಬೇಕಿತ್ತು ಕಣೋ! ಥೇಟ್ ಅದರ ಹಂಗೇ ಇರೋದನ್ನ ತರಬೇಕಿತ್ತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಬಾರ್ದು!"

"ಹಂಗೇ ಮಾಡ್ತೀನವ್ವಾ!"

ಮಾರನೆಯ ದಿನ ಹಳೆಯ ಪಟ್ಟಿ ಹಿಡಿದು ಹೊರಟ. ಬಸ್ಸಿನ ತುಂಬ ಜಪ: ಥೇಟ್ ಹಂಗೇ, ಥೇಟ್ ಹಂಗೇ. ಅಂಗಡಿಯವನು ಗಿಡ್ಡದ್ದನ್ನು ವಾಪಸ್ ತೆಗೆದುಕೊಂಡು, ಪುಣ್ಯಾತ್ಮ, ಸರಿಯಾದದ್ದನ್ನೇ ಮುಂದಿಟ್ಟ.

ಕೊಟ್ರೇಶ ಬಗ್ಗಿ ನೋಡಿದ. "ಇದು ಹೊಳೀತದೆ. ನಮ್ದು ಹೊಳಿಯಲ್ಲ."

ಇನ್ನೊಂದು ಇಟ್ಟ. "ನಮ್ದರ ಮೂಲೆಯಲ್ಲಿ ಗೀಚಿದ ಗೆರೆ ಐತೆ. ಇದಕ್ಕಿಲ್ಲ."

ಮತ್ತೊಂದು ಇಟ್ಟ. "ನಮ್ದಕ್ಕೆ ಅವ್ವನ ಅರಿಶಿನದ ಬೆರಳು ಹತ್ತೈತೆ. ಇದಕ್ಕೆಲ್ಲಿ ಅರಿಶಿನ?"

ಗಾಜಿನ ಮೇಜಿನ ತುಂಬ ಪಟ್ಟಿಗಳು ಹರಡಿದವು. ಒಂದೂ ಥೇಟ್ ಹಂಗಿಲ್ಲ! ಅಂಗಡಿಯವನು ಬೆವರಿದ. ಅಷ್ಟರಲ್ಲಿ ಕೊಟ್ರೇಶನ ಕಣ್ಣು ಅರಳಿತು. "ಇಗಾ ಸಿಕ್ತು! ಗೀಚಿದ ಗೆರೆ ಐತೆ! ಅರಿಶಿನ ಐತೆ! ಧೂಳೂ ಐತೆ! ಇದಕ್ಕೆಷ್ಟು?"

ಅಂಗಡಿಯವನು ಕೈಮುಗಿದ. "ಅದು ನೀನೇ ತಂದದ್ದು ಮಾರಾಯಾ. ದುಡ್ಡು ಬ್ಯಾಡ, ಹೋಗಿ ಬಾ."

ಕೊಟ್ರೇಶ ಮನೆಗೆ ಬಂದು ಬೀಗಿದ. "ಅವ್ವಾ, ಥೇಟ್ ಹಂಗೇ ಇರೋದು! ಅದೂ ಪುಕ್ಕಟೆ!"

"ಒಯ್ದದ್ದನ್ನೇ ತಿರುಗಿ ತಂದ್ಯಲ್ಲೋ ನನ್ನಪ್ಪಾ!" ಹಾಲಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. ರುದ್ರೇಶಿ ಪಟ್ಟಿಯ ಅಂಚಿನಲ್ಲಿದ್ದ ಸಣ್ಣ ಕಚ್ಚನ್ನು ತೋರಿಸಿದ. ಆಕೆ ಮಗನಿಗೆ ಬಿಡಿಸಿ ಹೇಳಿದಳು: "ಮೇಲಿನ ಮೈ ನೋಡಬ್ಯಾಡ. ಈ ಕಚ್ಚು ನೋಡು. ಹಳೇದರಲ್ಲಿ ಕಚ್ಚು ಎಲ್ಲೈತೋ ಹೊಸದರಲ್ಲೂ ಅಲ್ಲೇ ಇರಬೇಕು. ತಿಳೀತಾ?"

"ತಿಳೀತವ್ವಾ!"

ಹಳೆಯ ಪಟ್ಟಿ ಹಿಡಿದು ಮೂರನೆಯ ಸಲ ಹೊರಟ. ಬಸ್ಸಿನ ತುಂಬ ಜಪ: ಕಚ್ಚು ಅಲ್ಲೇ, ಕಚ್ಚು ಅಲ್ಲೇ. ಅವನ ಮುಖ ಕಾಣುತ್ತಲೇ ಅಂಗಡಿಯ ಯಜಮಾನ ಊಟದ ನೆಪ ಹೇಳಿ ಒಳಗೆ ಹೋದ. ಹೊಸ ಕೆಲಸದಾಳು ಒಂದು ಪಟ್ಟಿ ತೋರಿಸಿ, "ಅಣ್ಣಾ, ಇದು ಹೊಸ ತಲೆಮಾರಿಂದು. ನಿಮ್ದು ಹಳೇದು. ಕಚ್ಚಿನ ಜಾಗ ಬೇರೆ, ಕೂಡಲ್ಲ" ಅಂದ.

"ಕಚ್ಚು ಅಷ್ಟೇ ತಾನೆ? ಅದನ್ನ ನಾನು ನೋಡ್ಕೋತೀನಿ, ಕೊಡು!"

ತಂದವನು ನೆಟ್ಟಗೆ ಹೋದದ್ದು ಬಡಗಿ ಈರಾಚಾರಿಯ ಕೊಟ್ಟಿಗೆಗೆ. "ಆಚಾರ್ರೇ, ಹಳೇದರಲ್ಲಿ ಎಲ್ಲೈತೋ ಅಲ್ಲೇ ಇದಕ್ಕೂ ಒಂದು ಕಚ್ಚು ಹಾಕ್ರಿ." ನೇಗಿಲು, ಕುಂಟೆ, ತೊಟ್ಟಿಲು ಮಾಡಿದ ಕೈ. ಆಚಾರಿ ಸಣ್ಣ ಗರಗಸ ತೆಗೆದ, ಗುರುತು ಹಾಕಿದ, ಪರಪರ ಕೊಯ್ದ. ಕೆಲಸ ಬಲು ನಾಜೂಕು. ಕಚ್ಚು ಕೂದಲೆಳೆಯಷ್ಟೂ ಆಚೀಚೆ ಇಲ್ಲ!

ರುದ್ರೇಶಿ ನೋಡಿ ಪ್ಲಾಸ್ಟರ್ ಹಾಕಿದ ಕಾಲನ್ನೂ ಮರೆತು ಎದ್ದು ನಿಂತ. "ಕೊಂದ್ಯಲ್ಲೋ ಇದನ್ನ!"

ಹಾಲಮ್ಮನಿಗೆ ಅಳುವೇ ಬಂತು. ಕೊಯ್ದದ್ದನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳುತ್ತಾನೆಯೇ? ಇನ್ನೊಂದಕ್ಕೆ ಹಣವಿಲ್ಲ. ಕೊನೆಗೆ ವೀರಭದ್ರ ದೇವರಿಗೆಂದು ಎತ್ತಿಟ್ಟಿದ್ದ ಮುಡಿಪನ್ನೇ ಬಿಚ್ಚಿದಳು. "ಸ್ವಾಮೀ, ಸಿಟ್ಟಾಗಬ್ಯಾಡ, ಅಂಗಡಿ ಉಳಿದ್ರೆ ಬಡ್ಡಿ ಸಮೇತ ಕೊಡ್ತೀನಿ" ಎಂದು ತಪ್ಪುಕಾಣಿಕೆಯ ಹರಕೆ ಹೊತ್ತಳು. ಸರಿಯಾದ ಪಟ್ಟಿಯ ಹೆಸರನ್ನು ರುದ್ರೇಶಿ ಫೋನಿನಲ್ಲಿ ಯಜಮಾನನಿಗೇ ಹೇಳಿದ. ಒಮ್ಮೆ ಬಳಸಿದ್ದು, ಬೆಲೆ ಕಡಿಮೆ, ಹಚ್ಚಿ ನೋಡಿಯೇ ಕೊಡುತ್ತೇನೆ ಅಂದ ಆತ.

ಮಗನಿಗೆ ಹಾಲಮ್ಮ ಬೆರಳೆತ್ತಿ ಹೇಳಿದಳು: "ಕೊಯ್ಯಬ್ಯಾಡ, ಕೆತ್ತಬ್ಯಾಡ, ತಿಕ್ಕಬ್ಯಾಡ! ಕೊರಳಿನ ಲಿಂಗವನ್ನ ಹೆಂಗೆ ನೋಡ್ಕೋತೀಯೋ ಅದನ್ನೂ ಹಂಗೇ ನೋಡ್ಕೋ!"

"ಹಂಗೇ ನೋಡ್ಕೋತೀನವ್ವಾ!"

ಈ ಸಲ ಸರಿಯಾದದ್ದೇ ಬಂತು. ಅಗ್ಗದ್ದೂ ಹೌದು, ಉದ್ದವೂ ಸರಿ, ಕಚ್ಚೂ ಸರಿ. ಬೆಳಗ್ಗೆ ಹಾಲಮ್ಮ ಎದ್ದು ನೋಡುತ್ತಾಳೆ: ಮಗ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಎಡಗೈಯಲ್ಲಿ ರ್ಯಾಮ್ ಇಟ್ಟುಕೊಂಡು ಕಣ್ಮುಚ್ಚಿ ಕೂತಿದ್ದಾನೆ! ರ್ಯಾಮಿಗೂ ವಿಭೂತಿ, ರ್ಯಾಮಿಗೂ ಪತ್ರೆ. ತಂಬಿಗೆಯಿಂದ ತಣ್ಣೀರು ಸಣ್ಣಗೆ ಸುರಿಯುತ್ತಿದೆ. "ಓಂ ನಮಃ ಶಿವಾಯ!"

"ಶಿವಶಿವಾ! ನೀರು ಹಾಕಿದ್ಯೇನೋ!"

"ಪೂಜೆ ಮುಗೀತವ್ವಾ. ಪಾದೋದಕ ತಗೋ."

ಹಾಲಮ್ಮ ಪಟ್ಟಿ ಕಿತ್ತುಕೊಂಡು ಸೆರಗಿನಿಂದ ಒರೆಸಿದಳು. ಕರೆಂಟು ಹರಿಯುವ ಮೊದಲು ಪೂರಾ ಒಣಗಿದರೆ ಬದುಕಬಹುದು ಎಂದು ರುದ್ರೇಶಿ ಹೇಳಿದ. ಆಕೆ ಗುಡುಗಿದಳು: "ಇನ್ನು ಮೇಲೆ ಒದ್ದೆ ಇದ್ದದ್ದು ಏನೇ ಆಗ್ಲಿ, ಕಂಪ್ಯೂಟರ್ ಹತ್ರ ಬರಕೂಡ್ದು! ಒದ್ದೆ ಕಂಡ್ರೆ ಮಾಳಿಗೆ ಮೇಲೆ ಸಂಡಿಗೆ ಪಕ್ಕ ಬಿಸಿಲಿಗೆ ಹಾಕು. ಕಾಗೆ ಕಾಯಿ. ಮಗುಚಿ ಹಾಕು. ಗರಿಗರಿಯಾಗಿ ಒಣಗೋ ತನಕ ಕೆಳಗೆ ಇಳಿಸಬ್ಯಾಡ!"

"ಇಳಿಸಲ್ಲವ್ವಾ!"

ಹಾಗೇ ಒಣಗಿಸಿದ. ವೀರಭದ್ರ ದೇವರು ದೊಡ್ಡವನು! ಭಾನುವಾರ ರುದ್ರೇಶಿ ಸಿಕ್ಕಿಸಿ ಗುಂಡಿ ಒತ್ತಿದರೆ ಕಂಪ್ಯೂಟರು ಝಗ್ಗನೆ ಎದ್ದಿತು. ಪುಟಗಳು ಪಟಪಟ ತೆರೆದವು. ಹಾಲಮ್ಮನ ಕಣ್ಣಲ್ಲಿ ನೀರು. ಕೊಟ್ರೇಶ ಓಡಿಬಂದು ಅವಳ ಕುರ್ಚಿಯನ್ನು ದೂರ ಎಳೆದ. "ಕಣ್ಣು ಒದ್ದೆ ಐತವ್ವಾ, ಹತ್ರ ಬರಬ್ಯಾಡ!"

ಸೋಮವಾರ ಬಂತು. "ಗುಡಿಗೆ ಹೋಗಿ ಕಾಯಿ ಒಡೆಸ್ಕೊಂಡು ಬರ್ತೀನಿ. ಮೇಷ್ಟ್ರು ಬಂದ್ರೆ ಮರ್ಯಾದೆಯಿಂದ ನೋಡ್ಕೋ" ಎಂದು ಹಾಲಮ್ಮ ಹೋದಳು. ತಿರುಗಿ ಬಂದರೆ ಅಂಗಡಿ ಖಾಲಿ! ಬಾಗಿಲಲ್ಲಿ ಮೇಷ್ಟ್ರ ಸೈಕಲ್ ಇದೆ, ಮೇಷ್ಟ್ರಿಲ್ಲ. ಅರ್ಜಿಯಿಲ್ಲ, ಮಗನಿಲ್ಲ. ಹರಿಹರಕ್ಕೆ ಹೋಗಿಬಿಟ್ಟರೋ ಏನೋ!

ಆಗ ಮಾಳಿಗೆಯ ಮೇಲಿಂದ ದನಿ ಬಂತು: "ಹುಶ್! ಹುಶ್! ಕಾಗೆ! ಈಗ ಈ ಕಡೆ ಮಗುಚ್ಕೊಳ್ರಿ ಮೇಷ್ಟ್ರೇ."

ಆದದ್ದಿಷ್ಟೇ. ಮೇಷ್ಟ್ರು ಬಿಸಿಲಲ್ಲಿ ಸೈಕಲ್ ತುಳಿದು ಬೆವರಿನಲ್ಲಿ ತೊಯ್ದು ಬಂದಿದ್ದರು. "ಮೇಲೆ ಬರ್ರಿ ಮೇಷ್ಟ್ರೇ" ಅಂದ ಕೊಟ್ರೇಶ. ಕಂಪ್ಯೂಟರು ಮೇಲಿದೆಯೆಂದು ಅವರು ಪಾಪ ಏಣಿ ಹತ್ತಿದರು. ಹಿಂದೆಯೇ ಹತ್ತಿದ ಕೊಟ್ರೇಶ ಏಣಿಯನ್ನು ಮೇಲಕ್ಕೆ ಎಳೆದುಕೊಂಡ!

"ಹಾಲಮ್ಮಾ!" ಸಂಡಿಗೆಯ ಸಾಲಿನ ಪಕ್ಕದಿಂದ ಮೇಷ್ಟ್ರ ತಲೆ ಇಣುಕಿತು. "ಹಿಡ್ಕೊಳ್ಳವ್ವಾ ಅರ್ಜಿ! ಈ ವರ್ಷದ ಕೆಲಸ ನಿಂದು, ಮುಂದಿನ ವರ್ಷದ್ದೂ ನಿಂದು, ನಾನು ರಿಟೈರ್ ಆಗೋ ತನಕ ನಿಂದೇ! ಮೊದ್ಲು ಏಣಿ ಹಾಕ್ಸು!"

ಕಟ್ಟು ಕೆಳಗೆ ಬಿತ್ತು. ಹಾಲಮ್ಮ ಉಡಿಯಲ್ಲಿ ಹಿಡಿದಳು. "ಏಣಿ ಹಾಕೋ ಮುಂಡೇದೇ! ಮೇಷ್ಟ್ರನ್ನ ಇಳಿಸೋ!"

ಕೊಟ್ರೇಶ ಮೇಷ್ಟ್ರ ಬೆನ್ನು ಮುಟ್ಟಿ ನೋಡಿದ. "ಇನ್ನೂ ಹಸಿ ಐತವ್ವಾ! ಮಗುಚಿದಷ್ಟೂ ಒದ್ದೆ ಆಗ್ತಾರೆ." ಆಮೇಲೆ ತನ್ನ ಹಣೆ ಮುಟ್ಟಿಕೊಂಡ. ಬೆವರು! ಗಾಬರಿಯಾಗಿ ಮೇಷ್ಟ್ರ ಪಕ್ಕದಲ್ಲೇ ಕೈಕಾಲು ಚಾಚಿ ಮಲಗಿಬಿಟ್ಟ.

"ಅವ್ವಾ, ನಾನೂ ಒದ್ದೆ! ಯಾರನ್ನಾದ್ರೂ ಕಳ್ಸು, ನಮ್ಮಿಬ್ಬರಿಗೂ ಕಾಗೆ ಕಾಯೋಕೆ!"