ಹಗ್ಗದಂಗಡಿಯ ಹಲಗೆಗಳು

"ಗುರುಗಳೇ, ಬಾಗಿಲು ಹಾಕುವುದಕ್ಕೂ ಬಾಗಿಲು ಹಾಕಲು ಅಣಿಯಾಗುವುದಕ್ಕೂ ವ್ಯತ್ಯಾಸವಿಲ್ಲವೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಶಂಭುಲಿಂಗ. ಮಠದಲ್ಲಿ ಬಡವರಿಗೆ ಔಷಧ ಕೊಡುವ ಕೋಣೆ ಅವನ ವಶದಲ್ಲಿತ್ತು. ಸಂಜೆಯ ಪೂಜೆಯ ಗಂಟೆ ಬಾರಿಸುವವರೆಗೆ ಔಷಧ ಕೊಡಲಾಗುವುದು ಎಂದು ಕೋಣೆಯ ಹೊರಗೆ ಬರೆದು ಹಾಕಿದ್ದರು. ಗಂಟೆಗೆ ಮೊದಲೇ ಕೋಣೆ ಮುಚ್ಚಿರುತ್ತದೆ ಎಂದು ಊರಿನವರು ಗುರುಗಳ ಬಳಿ ಬಂದು ದೂರಿದ್ದರು.

"ನಾನು ಗಂಟೆಗೆ ಮೊದಲು ಒಂದು ದಿನವೂ ಬೀಗ ಹಾಕಿದವನಲ್ಲ. ಭರಣಿಗಳಿಗೆ ಮುಚ್ಚಳ ಹಾಕುತ್ತೇನೆ. ಚಾಪೆ ಸುತ್ತಿಡುತ್ತೇನೆ. ನೆಲ ಗುಡಿಸುತ್ತೇನೆ. ಗಂಟೆಯಾದ ಮೇಲೆಯೇ ಬೀಗ. ಹೀಗಿರುವಾಗ ನಾನು ಮಾತು ತಪ್ಪಿದವನು ಹೇಗಾಗುತ್ತೇನೆ?" ಎಂದ ಶಂಭುಲಿಂಗ.

ಗುರುಗಳು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಸಂತೆಯೂರಿನಲ್ಲಿ ಒಬ್ಬ ಹಗ್ಗದ ವ್ಯಾಪಾರಿ ಇದ್ದ. ಮೊದಲು ಆ ಊರಿನಲ್ಲಿ ಹಗ್ಗ ಮಾರುವವರು ಇನ್ನೂ ಇಬ್ಬರಿದ್ದರು. ಅವರು ಬೀದಿಯಲ್ಲಿ ಗೋಣಿ ಹಾಸಿಕೊಂಡು ಮಾರುತ್ತಿದ್ದರು. ಮನಸ್ಸು ಬಂದಾಗ ಬರುತ್ತಿದ್ದರು, ಮನಸ್ಸು ಬಂದಾಗ ಎದ್ದು ಹೋಗುತ್ತಿದ್ದರು. ಈ ವ್ಯಾಪಾರಿ ಊರ ಹಿರಿಯರ ಬಳಿ ಹೋದ. ಪೇಟೆಯ ನಡುವಿನ ಜಾಗವನ್ನು ತನಗೆ ಕೊಟ್ಟು, ಹಗ್ಗದ ವ್ಯಾಪಾರವನ್ನು ತನಗೊಬ್ಬನಿಗೇ ಬಿಟ್ಟರೆ, ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ದಿನವೂ ಅಂಗಡಿ ತೆರೆದಿರುತ್ತೇನೆ ಎಂದು ಮಾತು ಕೊಟ್ಟ. ಹಿರಿಯರು ಒಪ್ಪಿದರು. ಉಳಿದ ಇಬ್ಬರನ್ನು ಬೀದಿಯಿಂದ ಎಬ್ಬಿಸಿ ಕಳಿಸಿದರು. ವ್ಯಾಪಾರಿ ತನ್ನ ಮಾತನ್ನು ಅಂಗಡಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದ. ಓದಲು ಬಾರದವರೂ ಅದನ್ನು ಕೇಳಿ ತಿಳಿದುಕೊಂಡರು.

ಆ ಅಂಗಡಿಗೆ ಹಲಗೆಯ ಬಾಗಿಲು. ಹಲಗೆಗಳನ್ನು ಒಂದರ ಪಕ್ಕ ಒಂದರಂತೆ ಹೊಸ್ತಿಲಿನ ತೋಡಿನಲ್ಲಿ ನಿಲ್ಲಿಸುತ್ತ ಬರಬೇಕು. ಕೊನೆಯದನ್ನು ನಿಲ್ಲಿಸಿ ಅಡ್ಡಪಟ್ಟಿ ಹಾಕಿದರೆ ಅಂಗಡಿ ಮುಚ್ಚಿದಂತೆ.

ಮೊದಮೊದಲು ವ್ಯಾಪಾರಿ ದೀಪ ಹಚ್ಚಿದ ಮೇಲೆಯೇ ಹಲಗೆಗೆ ಕೈ ಹಾಕುತ್ತಿದ್ದ. ಆಮೇಲೆ ಅವನಿಗೆ ಕೊನೆಯ ಹೊತ್ತಿನ ಗಿರಾಕಿಗಳು ಬೇಸರವಾಗತೊಡಗಿದರು. ಅವರು ಕೊಳ್ಳುವುದು ಒಂದು ಮೂಗುದಾರ, ಒಂದು ತೊಟ್ಟಿಲ ಹಗ್ಗ. ಅದಕ್ಕಾಗಿ ಎದ್ದು ನಿಲ್ಲಬೇಕು, ಅಟ್ಟ ಹತ್ತಬೇಕು, ಅಳೆದು ಕತ್ತರಿಸಬೇಕು. ಹಾಗೆಂದು ಹೊತ್ತಿಗೆ ಮೊದಲೇ ಅಂಗಡಿ ಮುಚ್ಚುವಂತಿಲ್ಲ. ಮಾತು ಗೋಡೆಯ ಮೇಲಿದೆ. ಆಗ ಅವನಿಗೆ ಒಂದು ಉಪಾಯ ಹೊಳೆಯಿತು.

ಅವನು ಹೊತ್ತು ಇಳಿಯುವ ಮೊದಲೇ ಹಲಗೆ ಏರಿಸತೊಡಗಿದ. ಒಂದು ಹಲಗೆ ನಿಲ್ಲಿಸಿ ಎಲೆ ಅಡಿಕೆ ಹಾಕಿಕೊಳ್ಳುವನು. ಇನ್ನೊಂದು ನಿಲ್ಲಿಸಿ ಕೂರುವನು. ಬಿಸಿಲು ಇನ್ನೂ ಬೀದಿಯಲ್ಲಿರುವಾಗಲೇ ಒಬ್ಬ ಮನುಷ್ಯ ಅಡ್ಡಡ್ಡಲಾಗಿ ತೂರುವಷ್ಟು ಸಂದು ಉಳಿಯುವುದು. ಆ ಸಂದಿನ ಹಿಂದೆ ತಲೆದಿಂಬಿಗೆ ಒರಗಿಕೊಂಡು ದೀಪ ಹಚ್ಚುವವರೆಗೆ ಆರಾಮಾಗಿ ಕೂತಿರುವನು. ಎದುರು ಮನೆಯಲ್ಲಿ ದೀಪ ಕಂಡ ಮೇಲೆಯೇ ಕೊನೆಯ ಹಲಗೆ. ಎಂಥ ಬುದ್ಧಿ ನೋಡು! ಅಂಗಡಿ ಮುಚ್ಚಿದೆ ಎನ್ನುವಂತಿಲ್ಲ, ತೆರೆದಿದೆ ಎನ್ನುವಂತೆಯೂ ಇಲ್ಲ. ದೂರದಿಂದ ಬಂದವರು ಹಲಗೆ ನೋಡಿ ತಾವಾಗಿಯೇ ಹಿಂದಿರುಗುತ್ತಿದ್ದರು. ಯಾರನ್ನೂ ಇಲ್ಲ ಎಂದು ಕಳಿಸಿದ ಪಾಪ ಅವನಿಗಿರಲಿಲ್ಲ.

ಅಪ್ಪಿತಪ್ಪಿ ಯಾರಾದರೂ ಸಂದಿನಲ್ಲಿ ಇಣುಕಿ ಕೂಗಿದರೆ ಅವನು ಬೈಯುತ್ತ ಮೈಮೇಲೆ ಬೀಳುತ್ತಿದ್ದ. ಏರಿಸಿದ ಹಲಗೆ ಇಳಿಸುವುದಿಲ್ಲ, ನಾಳೆ ಬಾ ಎನ್ನುತ್ತಿದ್ದ. ಒಮ್ಮೆ ಬೈಸಿಕೊಂಡವರು ಮತ್ತೆ ಕೂಗುತ್ತಿರಲಿಲ್ಲ. ಬೈಸಿಕೊಂಡವರನ್ನು ನೋಡಿದವರೂ ಕೂಗುತ್ತಿರಲಿಲ್ಲ.

ಕೋಪ ನಮ್ಮಂಥವರಿಗೆ ಸಲ್ಲದು ಎನ್ನುತ್ತಾರೆ, ಶಂಭುಲಿಂಗ. ಈ ಕತೆ ಹೇಳುವಾಗ ಮಾತ್ರ ನನಗೆ ಅದು ಸಲ್ಲುತ್ತದೆ. ಮುಂದೆ ಕೇಳು.

ಆ ಸಂತೆಯೂರಿನ ಪಕ್ಕದ ಹಳ್ಳಿಯಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಂದು ಜೋಡಿ ಎತ್ತು. ಎರಡನ್ನೂ ಕರುಗಳಾಗಿದ್ದಾಗಿನಿಂದ ಸಾಕಿದ್ದ. ಒಂದು ದಿನ ಮಧ್ಯಾಹ್ನ ಕಳೆದ ಮೇಲೆ ಅವುಗಳಲ್ಲೊಂದು ಮೇಯುತ್ತ ಹೋಗಿ ಕಟ್ಟೆಯಿಲ್ಲದ ಬಾವಿಗೆ ಬಿತ್ತು. ಮೂಳೆ ಮುರಿದಿರಲಿಲ್ಲ. ಆದರೆ ಕಾಲ ಕೆಳಗೆ ಕೆಸರು, ಕುತ್ತಿಗೆಯವರೆಗೆ ನೀರು. ರೈತನ ಹೆಂಡತಿ ಹಿಂದುಮುಂದು ನೋಡದೆ ಬಾವಿಗಿಳಿದಳು. ಕಲ್ಲಿನ ಮೆಟ್ಟಿಲ ಮೇಲೆ ನಿಂತು ಎತ್ತಿನ ಮೂತಿಯನ್ನು ನೀರಿನ ಮೇಲೆ ಎತ್ತಿ ಹಿಡಿದಳು. ಹಳ್ಳಿಯವರು ಸೇರಿದರು. ಇದ್ದ ಒಂದು ದಪ್ಪ ಹಗ್ಗವನ್ನು ಎತ್ತಿನ ಹೊಟ್ಟೆಗೆ ಸುತ್ತಿ ಎಳೆದರು. ಹಳೆಯ ಹಗ್ಗ, ಮೊದಲ ಎಳೆತಕ್ಕೇ ಹರಿಯಿತು.

ಎಳೆಯುವ ಜನ ಇದ್ದರು. ಬೇಕಾದದ್ದು ಒಂದು ಗಟ್ಟಿ ಹಗ್ಗ. ರೈತ ಸಂತೆಯೂರಿಗೆ ಓಡಿದ. ಹೊತ್ತು ಮುಳುಗುವುದರೊಳಗೆ ಹಗ್ಗ ತರುತ್ತೇನೆ, ಅಲ್ಲಿಯವರೆಗೆ ಹಿಡಿದಿರು ಎಂದು ಹೆಂಡತಿಗೆ ಕೂಗಿ ಹೇಳಿ ಓಡಿದ. ಅವನಿಗೆ ಗೋಡೆಯ ಮೇಲಿನ ಮಾತು ಗೊತ್ತಿತ್ತು. ಅದನ್ನು ನಂಬಿಯೇ ಓಡಿದ.

ಅವನು ಪೇಟೆ ಮುಟ್ಟಿದಾಗ ಬಿಸಿಲು ಇನ್ನೂ ಇತ್ತು. ಅಂಗಡಿಯ ಹಲಗೆಗಳು ಏರಿದ್ದವು. ಒಂದೇ ಒಂದು ಸಂದು ಉಳಿದಿತ್ತು. ರೈತ ಬೀದಿಯಲ್ಲಿ ಏದುಸಿರು ಬಿಡುತ್ತ ನಿಂತ. ಇಳಿಯದ ಹಲಗೆಯ ಮುಂದೆ ಹೊತ್ತು ಕಳೆದರೆ ಅತ್ತ ಎತ್ತು ಮುಳುಗುತ್ತದೆ ಎಂದುಕೊಂಡ. ತಿರುಗಿ ಓಡಿದ. ದಾರಿಯ ಮನೆಮನೆಗೂ ನುಗ್ಗಿ ನೀರು ಸೇದುವ ಹಗ್ಗ ಬೇಡಿದ. ಕೆಲವರು ಕೊಟ್ಟರು, ಕೆಲವರು ಕಾರಣ ಕೇಳುತ್ತ ನಿಂತರು. ಕೊಟ್ಟವನ್ನೆಲ್ಲ ಗಂಟು ಹಾಕಿ, ಹೊಸೆದು, ಹೊತ್ತು ತಂದ.

ಅಷ್ಟರಲ್ಲಿ ಕತ್ತಲಾಗಿತ್ತು, ಸೇರಿದ್ದ ಜನ ಚದುರಿದ್ದರು. ಅವನ ಹೆಂಡತಿ ಬಾವಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಅವಳ ಬೆರಳುಗಳು ಹಿಡಿದ ಹಾಗೆಯೇ ಮಡಚಿಕೊಂಡಿದ್ದವು. ಎತ್ತು ನೀರಿನ ಕೆಳಗಿತ್ತು.

ಹಗ್ಗದಂಗಡಿಯ ಪಕ್ಕದಲ್ಲಿ ಬಳೆ ಮಾರುವ ಹೆಂಗಸಿದ್ದಳು. ಬೀದಿಯಲ್ಲಿ ಏದುಸಿರು ಬಿಡುತ್ತ ನಿಂತ ರೈತನನ್ನು ಅವಳು ನೋಡಿದ್ದಳು. ಎತ್ತು ಸತ್ತ ಸುದ್ದಿ ಕೇಳಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ನೀನು ಬಂದಾಗ ವ್ಯಾಪಾರಿ ಒಳಗೇ ಇದ್ದ, ನಿನ್ನನ್ನು ನೋಡಿಯೂ ಇದ್ದ ಎಂದು ರೈತನಿಗೆ ಹೇಳಿದಳು. ರೈತ ಹಿರಿಯರ ಮುಂದೆ ಹೋದ. ಅವರು ವ್ಯಾಪಾರಿಯನ್ನು ಕರೆಸಿದರು.

ವ್ಯಾಪಾರಿಗೆ ಒಂದಿಷ್ಟೂ ಅಳುಕಿರಲಿಲ್ಲ. "ಯಜಮಾನರೇ, ನಾನು ನೋಡಿದ್ದು ನಿಜ. ಬೇಕಿದ್ದರೆ ಕೂಗುತ್ತಾನೆ ಅಂದುಕೊಂಡೆ. ಕೂಗಲಿಲ್ಲ, ಹೋದ. ದೀಪ ಹಚ್ಚುವ ಮೊದಲು ನಾನು ಕೊನೆಯ ಹಲಗೆ ಏರಿಸಿದ್ದರೆ ಹೇಳಿ, ನೀವು ಹಾಕಿದ ದಂಡ ಕಟ್ಟುತ್ತೇನೆ" ಎಂದ.

ಹಿರಿಯರು ಬೀದಿಯವರನ್ನೆಲ್ಲ ವಿಚಾರಿಸಿದರು. ದೀಪಕ್ಕೆ ಮೊದಲು ಕೊನೆಯ ಹಲಗೆ ಏರಿದ್ದನ್ನು ಯಾರೂ ಕಂಡಿರಲಿಲ್ಲ. ಆಗ ಅವರು ರೈತನ ಕಡೆ ತಿರುಗಿದರು. ತಿರುಗುತ್ತಾರೆ, ಹಿರಿಯರು ಯಾವಾಗಲೂ ಆ ಕಡೆಗೇ ತಿರುಗುತ್ತಾರೆ! ನೀನೇಕೆ ಕೂಗಲಿಲ್ಲ ಎಂದು ಅವನನ್ನು ಕೇಳಿದರು.

ರೈತ ಹೆಗಲ ಮೇಲಿನ ವಸ್ತ್ರವನ್ನು ಕೈಗೆ ತೆಗೆದುಕೊಂಡು ಹೇಳಿದ: "ಯಜಮಾನ್ರೇ, ಹೋದ ಸುಗ್ಗೀಲಿ ನನ್ನ ಹೆಂಡ್ತಿ ಅದೇ ಸಂದೀಲಿ ನಿಂತು ಕೂಗಿದ್ಲು. ಹಲಗೆ ಏರಿರೋದು ಕಾಣಾಕಿಲ್ವಾ, ಕಣ್ಣು ಮನೇಲಿಟ್ಟು ಬಂದಿದ್ದೀಯಾ ಅಂತ ಇಡೀ ಬೀದಿ ಕೇಳೋ ಹಂಗೆ ಅಂದ್ರು ಇವ್ರು. ಅವತ್ತಿಂದ ನಮ್ಮ ಹಳ್ಳೀಲಿ ಯಾರೂ ಕೂಗಾಕಿಲ್ಲ. ಹಲಗೆ ಕಂಡ್ರೆ ತಿರುಗಿ ಹೋಗ್ತೀವಿ. ಹಂಗೆ ನಮ್ಗೆ ಕಲ್ಸಿದ್ದೇ ಇವ್ರು."

ಹಿರಿಯರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಬೈದದ್ದು ಸರಿಯಲ್ಲ, ಇನ್ನು ಮುಂದೆ ಮೃದುವಾಗಿ ಮಾತಾಡು ಎಂದು ವ್ಯಾಪಾರಿಗೆ ಬುದ್ಧಿ ಹೇಳಿದರು. ಕೊಟ್ಟ ಮಾತು ಮಾತ್ರ ಮುರಿದಿಲ್ಲ, ಕೊನೆಯ ಹಲಗೆ ಹೊತ್ತಿಗೆ ಸರಿಯಾಗಿಯೇ ಏರಿದೆ ಎಂದರು. ತೀರ್ಪು ಹೇಳಿ ಎದ್ದು ಹೋದರು. ಒಂದು ಜೀವ ಬಾವಿಯಲ್ಲಿ ಮುಳುಗಿತ್ತು, ಇವರು ಹಲಗೆ ಎಣಿಸಿ ಮನೆಗೆ ಹೋದರು. ವ್ಯಾಪಾರಿ ಅಂಗಡಿಗೆ ಮರಳಿದ. ಅಂದಿನ ಬಿಸಿಲು ಇನ್ನೂ ಬೀದಿಯಲ್ಲಿತ್ತು. ಅವನು ಮೊದಲ ಹಲಗೆಯನ್ನು ಎತ್ತಿಕೊಂಡ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಶಂಭುಲಿಂಗ, "ವ್ಯಾಪಾರಿಯದು ತಪ್ಪೇ, ಗುರುಗಳೇ. ಒಪ್ಪಿದೆ. ಆದರೂ ಅದು ಎತ್ತಿನ ಪ್ರಾಣದ ವಿಷಯ. ರೈತ ಇನ್ನೊಂದು ಬೈಗುಳ ತಿಂದಿದ್ದರೆ ಏನಾಗುತ್ತಿತ್ತು? ಒಂದೇ ಒಂದು ಸಲ ಕೂಗಿ ನೋಡಬಹುದಿತ್ತಲ್ಲವೇ?" ಎಂದ.

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: "ಹೊರಗೆ ನಿಂತವನು ಯಾಕೆ ಕೂಗಲಿಲ್ಲ ಎಂದು ಕೇಳುವವನು ಹಲಗೆಯ ಒಳಗಡೆ ಕೂತಿರುತ್ತಾನೆ, ಶಂಭುಲಿಂಗ."