ಸನ್ಯಾಸಿಯ ಹೆಪ್ಪು

ಬೆಟ್ಟದ ಸನ್ಯಾಸಿ ತೀರಿಕೊಂಡ ಮೇಲೆ ಅವನ ಶಿಷ್ಯರು ಗುರುವಿನ ಮಾತನ್ನೂ ಅವನ ಮಡಕೆಯ ಮೊಸರಿನಿಂದ ಒಂದಿಷ್ಟು ಹೆಪ್ಪನ್ನೂ ಹೊತ್ತು ದಿಕ್ಕು ದಿಕ್ಕಿಗೆ ಹೋದರು. ನೂರಾರು ವರ್ಷಗಳ ನಂತರ, ಅವನ ಆರಾಧನೆಯ ದಿನ, ಮೂರು ಊರಿನ ಮೊಸರಿನ ಮಡಕೆಗಳು ಬೆಟ್ಟದ ಅಡುಗೆಮನೆಯಲ್ಲಿ ಸೇರಿದವು. ಪಕ್ಕದಲ್ಲಿ ಕಾಯಿಸಿ ಇಳಿಸಿದ ಹಾಲಿತ್ತು.

“ನಾನೀಗ ಉಗುರುಬೆಚ್ಚಗಿದ್ದೇನೆ. ತಣ್ಣಗಾದರೆ ಮೊಸರಾಗಲಾರೆ,” ಎಂದಿತು ಹಾಲು. “ನಿಮ್ಮಲ್ಲಿ ಗುರುವಿನ ಹೆಪ್ಪು ಯಾರದೋ ಅದನ್ನೇ ನನಗೆ ಹಾಕಿ.”

“ನನ್ನದು,” ಎಂದಿತು ಬೆಟ್ಟದ ಮಡಕೆ. “ನಾನು ಈ ಜಾಗ ಬಿಟ್ಟು ಕದಲಿದವಳಲ್ಲ. ಮರಳುಗಾಡಿಗೆ ಹೋದವಳು ಆಡಿನ ಹಾಲಿಗೆ ಬಿದ್ದು ಕುಲಗೆಟ್ಟಳು.”

“ಗುರುವಿನ ಕಾಲದ ಹುಳಿ ಉಳಿದಿರುವುದು ನನ್ನಲ್ಲಿ ಮಾತ್ರ,” ಎಂದಿತು ಮರಳುಗಾಡಿನ ಮಡಕೆ. “ನೀನು ಸಕ್ಕರೆ ಹಾಕಿಸಿಕೊಂಡು ಕೂತಿದ್ದೀಯೆ.”

“ನಾನು ಮರಳುಗಾಡಿನವಳ ಮಗಳು, ನಿಜ,” ಎಂದಿತು ಕಡಲಾಚೆಯ ಮಡಕೆ. “ಅವಳು ದಾರಿ ತಪ್ಪಿದಳೆಂದೇ ನಾನು ಬೇರೆಯಾದದ್ದು.”

ಹಾಲಿಗೆ ತಲೆಬುಡ ತಿಳಿಯಲಿಲ್ಲ. ಗೋಡೆಯ ಮೇಲಿದ್ದ ಹಳೆಯ ಸೌಟನ್ನು ಕೇಳಿತು.

“ಹಿಂದೊಮ್ಮೆ ಇಲ್ಲಿ ಹಸುಗಳೆಲ್ಲ ಸತ್ತು, ಬೆಟ್ಟದ ಮಡಕೆ ವರ್ಷಗಟ್ಟಲೆ ಬರಿದಾಗಿ ಬಿದ್ದಿತ್ತು,” ಎಂದಿತು ಸೌಟು. “ಆಮೇಲೆ ಕಡಲಾಚೆಯ ಯಾತ್ರಿಕನೊಬ್ಬ ತಂದ ಹೆಪ್ಪನ್ನು ಅದಕ್ಕೆ ಹಾಕಿದವನು ನಾನೇ.”

ಬೆಟ್ಟದ ಮಡಕೆ ಕಡಲಾಚೆಯ ಮಡಕೆಯತ್ತ ತಿರುಗಿತು.

“ಹಾಗಾದರೆ ನಾನು ಇವಳಿಗೆ ಅಜ್ಜಿಯೋ, ಮಗಳೋ?” ಎಂದಿತು ಬೆಟ್ಟದ ಮಡಕೆ.

“ಮೊದಲು ಅದು ಇತ್ಯರ್ಥವಾಗಲಿ,” ಎಂದವು ಉಳಿದೆರಡು. ವಾದ ಮತ್ತೆ ಮೊದಲಿನಿಂದ ಶುರುವಾಯಿತು.

“ನಿಧಾನವಾಗಿ ತೀರ್ಮಾನಿಸಿ,” ಎಂದಿತು ಹಾಲು. “ನಾನು ಆಗಲೇ ತಣ್ಣಗಾದೆ.”