ಪಟ್ಟಿಯಲ್ಲಿ ಫಕೀರಪ್ಪ ಮೊದಲಿಗ

ಒಂದು ವಿಶ್ವವಿದ್ಯಾಲಯಕ್ಕೆ ಹೊಸ ಕುಲಪತಿ ಬಂದರು. ಬಂದವರೇ ಗುಮಾಸ್ತನನ್ನು ಕರೆದರು.

"ಯಾರ ಲೇಖನಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಎಲ್ಲರದ್ದೂ ಒಂದೇ ಪಟ್ಟಿ ಮಾಡ್ರಿ. ಮೊದಲಿನವರಿಗೆ ಸನ್ಮಾನ. ಕೊನೆಯವರ ವಿಭಾಗಕ್ಕೆ ಬೀಗ."

ಪಟ್ಟಿಯಲ್ಲಿ ಕೊನೆಗೆ ಬಂದವರು ಶಾಸನ ಓದುವ ನೀಲಗಂಗಾ ಮೇಡಂ. ಅವರದು ಹನ್ನೆರಡೇ ಉಲ್ಲೇಖ. ಗುಮಾಸ್ತ ಪಟ್ಟಿಯನ್ನು ಕುಲಪತಿಗಳ ಮೇಜಿನ ಮೇಲೆ ಒಯ್ದಿಟ್ಟ.

"ಮೊದಲನೆಯ ಈ ಫಕೀರಪ್ಪ ಯಾವ ವಿಭಾಗದ ಪ್ರೊಫೆಸರ್ರೀ?"

"ಪ್ರೊಫೆಸರ್ ಅಲ್ಲ ಸಾರ್. ಭೌತಶಾಸ್ತ್ರದ ಲ್ಯಾಬಿನಲ್ಲಿ ಯಂತ್ರ ನೋಡಿಕೊಳ್ತಾನೆ. ಅಲ್ಲಿ ಯಂತ್ರ ನಡೆಸಿದವರ ಹೆಸರನ್ನೂ ಲೇಖನಕ್ಕೆ ಸೇರಿಸೋದು ಪದ್ಧತಿ. ಎಂಟು ಸಾವಿರ ಉಲ್ಲೇಖ ಆಗಿದೆ. ತಾವು ನಲವತ್ತೊಂದನೆಯವರು. ಶಾಲು ಯಾವ ಬಣ್ಣದ್ದು ತರಿಸಲಿ?"

ಕುಲಪತಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಹೆಸರು ಬದಲಾಗಿರಲಿಲ್ಲ.

"ಒಂದೊಂದು ಶಾಸ್ತ್ರದ ಪದ್ಧತಿ ಒಂದೊಂದು ಥರ. ಅವರವರನ್ನ ಅವರವರ ಶಾಸ್ತ್ರದವರ ಜೊತೆಗೇ ಅಳೀಬೇಕಲ್ರೀ."

"ಅದನ್ನೇ ಬರೆದು ಸಹಿ ಹಾಕಿಕೊಡಿ ಸಾರ್."

ಶಾಸನ ಓದುವವರಿಗೆ ಸಾಮಾನ್ಯವಾಗಿ ಸಿಗುವುದು ಮೂರೋ ನಾಲ್ಕೋ ಉಲ್ಲೇಖ. ಹಾಗೆ ಅಳೆದಾಗ ಮೇಡಂ ಎಲ್ಲರಿಗಿಂತ ಮೇಲೆ ಬಂದರು. ಬೀಗದ ಮಾತು ಅಲ್ಲಿಗೇ ನಿಂತಿತು.

ಸನ್ಮಾನ ಕೈತಪ್ಪಿದ್ದು ಕೇಳಿ ಫಕೀರಪ್ಪನೂ ನೆಮ್ಮದಿಯ ಉಸಿರು ಬಿಟ್ಟ.

"ಸದ್ಯ, ವೇದಿಕೆ ಮೇಲೆ ಭಾಷಣ ಮಾಡೋದು ತಪ್ಪಿತು."